ಯಾರೊಳಗ?

ಕೌಲ್ ಬಜಾರಿನ ಮಹಡಿ, ತಗಡಿನ ಕೆಳಗೆ
ಹನ್ನೊಂದು ಮಿಷಿನ್ನು. ಹನ್ನೊಂದನೆಯದು ನನ್ನದು.
ಉಳಿದವರು ಕಾಲು ಕೂಡಿಸುತ್ತಾರೆ, ಜೇಬು ಇಡುತ್ತಾರೆ,
ಜಿಪ್ಪು ಹಚ್ಚುತ್ತಾರೆ.
ನಾನು ಹೆಸರು ಹೊಲಿಯುವವಳು:
ಸೊಂಟದ ಹಿಂದೆ, ನಟ್ಟನಡುವೆ,
ಎರಡು ಬೆರಳಗಲದ ಪಟ್ಟಿ.

ಸೋಮವಾರ ಹೊಸ ಪಟ್ಟಿಯ ಗಂಟು ಬಂತು, ಐದು ಸಾವಿರ.
ಕೆಂಪು ನೂಲಿನಲ್ಲಿ ಇಂಗ್ಲಿಷು:
ಮೋಸ್ಟ್ ಬೆಸ್ಟ್ ಜೀನ್ಸ್.

ಓದಿದೆ. ಮತ್ತೊಮ್ಮೆ ಓದಿದೆ.
ಹೋದ ವರ್ಷವಾಗಿದ್ದರೆ ಓದುತ್ತಲೇ ಇರಲಿಲ್ಲ,
ಹೊಲಿದು ಗುಡ್ಡೆಗೆ ಎಸೆಯುತ್ತಿದ್ದೆ.

ಈ ವರ್ಷ ಬಂಡಿಹಟ್ಟಿಯ ರಾತ್ರಿಶಾಲೆ,
ಎಂಟರಿಂದ ಒಂಬತ್ತೂವರೆ, ಕರೆಂಟಿದ್ದರೆ.
ತಿಪ್ಪೇರುದ್ರ ಮಾಸ್ತರು ಸೀಮೆಸುಣ್ಣ ಮುರಿದು ಹೇಳಿದ್ದರು:
ಗಿಡ್ಡ ಮಾತಿಗೆ ಹಿಂದೊಂದು ಬಾಲ, ಎಸ್ಟ್.
ಉದ್ದ ಮಾತಿಗೆ ತಲೆ ಮೇಲೊಂದು ಬುಟ್ಟಿ, ಮೋಸ್ಟ್.
ಬಾಲ, ಬುಟ್ಟಿ ಎರಡೂ ಒಟ್ಟಿಗೆ ಬ್ಯಾಡ.
ಲಾಡಿ ಬಿಗಿದ ಮ್ಯಾಲೆ ಬೆಲ್ಟ್ ಯಾಕವ್ವ?
ಗುಡ್ ಅನ್ನೋದು ಹಠಮಾರಿ, ಬಾಲ ಹಚ್ಚಗೊಡಂಗಿಲ್ಲ,
ಬೆಟರ್ ಅಂತ ವೇಷ ಬದಲಿಸಿ
ಬೆಸ್ಟ್ ಅಂತ ಬಂದು ಕುಂದುರ್ತೈತೆ.
ಬಂದ ಮ್ಯಾಲೆ ಮುಗೀತು. ಅಲ್ಲಿಂದ ಮುಂದೆ ಊರಿಲ್ಲ.
ಆದ್ರೆ ಮುಂದೊಂದು ದಿ ಇಡಬೇಕು,
ಬಾಗಿಲಿಗೆ ಹೊಸ್ತಿಲಿದ್ದಂಗ.

ಮನೆಗೆಲಸಕ್ಕೆ ನಾನು ಬರೆದೆ:
ಅಕ್ಕ ದ್ಯಾವಮ್ಮ ದಿ ಟಾಲೆಸ್ಟ್.
ಪಕ್ಕದಲ್ಲಿ ಕೆಂಪು ಶಾಯಿ: ಯಾರೊಳಗ?
ನಾವಿಬ್ಬರೇ ಸಾರ್, ಅಂದೆ.
ಇಬ್ಬರಿದ್ರೆ ಟಾಲರ್ ಸಾಕು,
ಎಸ್ಟ್ ಹಚ್ಚೋಕೆ ಮೂರನೇದಾಕಿ ಬೇಕು.
ನಕ್ಕರು. ನಾನೂ ನಕ್ಕೆ.
ದಾರಿಯಲ್ಲಿ ಹೊಳೆಯಿತು, ಅವ್ವನನ್ನು ಸೇರಿಸಬಹುದಿತ್ತು.
ಅವ್ವ ಅಷ್ಟು ಗಿಡ್ಡ, ಎಣಿಕೆಗೇ ಸಿಕ್ಕಿರಲಿಲ್ಲ.

ಹೊನ್ನೂರಪ್ಪನಿಗೆ ಪಟ್ಟಿ ತೋರಿಸಿದೆ.
ಅಣ್ಣ, ಮೋಸ್ಟ್ ಹೆಚ್ಚಾಗೈತೆ.
ಹೆಚ್ಚಾದ್ರೆ ಚೊಲೊ ಅಲ್ಲೇನು?
ಬೆಸ್ಟ್ ಒಂದೇ ಸಾಕಣ್ಣ. ಅದೂ ಯಾರೊಳಗ ಅಂತ ಹೇಳಬೇಕು.
ಯಾರೊಳಗ? ಈ ಗಲ್ಲಿಯೊಳಗ!
ಗಲ್ಲೀಲಿ ಮೂವತ್ತು ಅಂಗಡಿ, ಮೂವತ್ತೂ ಬೆಸ್ಟ್.
ಎದುರಿನವ್ನು ಸೂಪರ್ ಬೆಸ್ಟ್ ಅಂತ ಹಾಕ್ಯಾನ,
ನಂದು ಬರೀ ಬೆಸ್ಟ್ ಇದ್ರೆ ಯಾರು ಮುಟ್ತಾರ?
ಪಟ್ಟಿಗೆ ಅರವತ್ತು ಪೈಸೆ. ನೀ ಕೊಡ್ತೀಯೇನು?

ಕೊಡಲಾರೆ. ತಿರುಗಿ ಬಂದು ಕೂತೆ.
ಪಕ್ಕದ ಮಿಷಿನ್ನಿನ ಶಾಬಿರಾ, ಬಾಯಲ್ಲಿ ದಾರ ಕಚ್ಚಿಕೊಂಡೇ,
ಕನ್ನಡದಾಗ ಬರಿ ಅಕ್ಕ, ಅಂದಳು,
ಮೋಸ್ಟ್ ಒಳಗ ಮೋಸ ಕುಂತೈತೆ.

ನಮ್ಮ ಮಾತಿನಲ್ಲಿ ಚೊಲೊ ಯಾವತ್ತೂ ಚೊಲೋನೇ,
ಬಾಲವಿಲ್ಲ, ಬುಟ್ಟಿಯಿಲ್ಲ.
ಪಕ್ಕದಲ್ಲಿ ಏನು ನಿಂತಿದೆ ನೋಡಿ ಹೇಳುತ್ತೇವೆ.
ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಅವ್ವ ಅನ್ನುತ್ತಿದ್ದಳು:
ಇದ್ದುದ್ರಾಗ ಚೊಲೊ.
ಹುಳುಕು ಕಂಡು, ಬಾಡಿದ್ದು ಕಂಡು,
ಬುಟ್ಟಿಯಲ್ಲಿದ್ದುದನ್ನೆಲ್ಲ ತಿರುವಿ ಹಾಕಿದ ಮೇಲೆ.
ನನಗೆ ಗಂಡು ಗೊತ್ತಾದ ದಿನವೂ
ಅದೇ ಮಾತು ಅಂದಳು.

ಸೂಜಿಯ ಕೆಳಗೆ ಪಟ್ಟಿ ಇಟ್ಟೆ.
ಎಡದ ಅಂಚನ್ನು ಒಂದು ಬೆರಳು ಒಳಕ್ಕೆ ಮಡಚಿದೆ.
ಮೋಸ್ಟ್ ಹೊಲಿಗೆಯೊಳಗೆ ಹೋಯಿತು.
ಹೊರಗೆ ಬೆಸ್ಟ್ ಜೀನ್ಸ್.
ದಿ ಇಲ್ಲ. ಅದನ್ನೆಲ್ಲಿಂದ ತರಲಿ?

ತಗಡು ತಣ್ಣಗಾಗುವ ಹೊತ್ತಿಗೆ ಮುನ್ನೂರ ಹನ್ನೆರಡು.
ಹೊನ್ನೂರಪ್ಪ ಒಂದನ್ನೆತ್ತಿ ಬಲ್ಬಿಗೆ ಹಿಡಿದ, ಹೊರಳಿಸಿದ.
ಪಟ್ಟಿ ಸಣ್ಣದಾದಂಗ ಐತಲ್ಲ?
ನೆಟ್ಟಗೈತೆ ಅಣ್ಣ, ಅಂದೆ.
ಬೆರಳಿನಿಂದ ಮಡಿಕೆ ಸವರಿದ,
ಏನೋ ಅನ್ನಲು ಹೋಗಿ, ಕಟ್ಟು ಕಟ್ಟಿಸಿದ.

ಎಲ್ಲೋ, ಯಾರದೋ ಬೆನ್ನಿನ ಬೆವರಿಗೆ ತಾಗಿ
ಆ ಮೋಸ್ಟ್ ಮಡಿಕೆಯೊಳಗೇ ಕೂತಿರುತ್ತದೆ,
ಒಗೆದಾಗೊಮ್ಮೆ ಚೂರು ಕೆಂಪು ಬಿಡುತ್ತ.

ಎಂಟಾಗುತ್ತ ಬಂತು. ಪಾಟಿಚೀಲ ಹುಡುಕಬೇಕು.
ಮಾಸ್ತರಿಗೆ ತೋರಿಸಲು ಒಂದು ವಾಕ್ಯ ಸಿದ್ಧವಿದೆ:
ಮೂವರೊಳಗ ಅವ್ವ ದಿ ಶಾರ್ಟೆಸ್ಟ್.